ಸ್ಟೆಮ್ ಸೆಲ್ ಪೊಟ್ಟಣವೂ ಮರುಭೂಮಿಯ ಗುಗ್ಗುಳವೂ

ಸ್ಟೆಮ್ ಸೆಲ್ ಅನ್ನುವ ಶಬ್ದ ಮುಂಬಯಿಯ ನಮ್ಮ ಜನರ ಬಾಯಲ್ಲಿ ಈಗ ಚ್ಯವನಪ್ರಾಶದಷ್ಟೇ ಸಲೀಸಾಗಿ ಓಡಾಡುತ್ತಿದೆ. ಡೊಂಬಿವಲಿಯಲ್ಲಿ ಸತ್ಯನಾರಾಯಣ ಪೂಜೆಗೆ ಹೋದರೆ ಪ್ರಸಾದದ ದೊನ್ನೆಯ ಬೆನ್ನಿಗೇ ಒಂದು ಬಣ್ಣದ ಪೊಟ್ಟಣ ಕೈಗೆ ಬರುತ್ತದೆ. "ಮರುಭೂಮಿಯಲ್ಲಿ ನೀರಿಲ್ಲದೆ ಬದುಕುವ ಗಿಡದ ಸ್ಟೆಮ್ ಸೆಲ್ ಮಾರಾಯ್ರೇ, ಶುಗರ್, ಬಿಪಿ, ಮೊಣಕಾಲು ಎಲ್ಲಕ್ಕೂ ಆಗ್ತದೆ, ನಾಲಗೆಯ ಅಡಿಗೆ ಇಟ್ಟುಕೊಂಡರೆ ಸಾಕು." ಹೆರಿಗೆ ಆಸ್ಪತ್ರೆಯಲ್ಲಿ ಮಗಳ ಫೈಲಿನ ಜೊತೆ ಇನ್ನೊಂದು ಫೈಲು ಬರುತ್ತದೆ. ಮಗುವಿನ ಹೊಕ್ಕುಳ ಬಳ್ಳಿಯ ರಕ್ತವನ್ನು "ಬ್ಯಾಂಕಿನಲ್ಲಿ" ಇಡಿ, ಜೀವಮಾನದ ವಿಮೆ ಅಂತ. ಮೂರನೆಯದು ಎಲ್ಲಕ್ಕಿಂತ ಕ್ರೂರವಾದದ್ದು. ಆಟಿಸಂ ಇರುವ ಮಗುವಿನ ತಂದೆ ತಾಯಿಗೆ, ಪಾರ್ಶ್ವವಾಯು ಬಡಿದವನ ಹೆಂಡತಿಗೆ, ಲಕ್ಷಗಟ್ಟಲೆ ದುಡ್ಡಿಗೆ ಸ್ಟೆಮ್ ಸೆಲ್ ಇಂಜೆಕ್ಷನ್ನಿನ ಆಸೆ ಹುಟ್ಟಿಸುವುದು.

ಈ ಮೂರರ ಮೇಲೂ ನನಗೆ ಸಿಟ್ಟಿದೆ. ಆದರೆ ಸಿಟ್ಟು ವಿಜ್ಞಾನದ ಮೇಲಲ್ಲ. ನನ್ನ ವಾದ ಇಷ್ಟೇ: ಆಕರ ಕೋಶವಾಗಲಿ ಮರುಭೂಮಿಯ ಗಿಡವಾಗಲಿ ಇವತ್ತಿಗೆ ಮುಖ್ಯವಾಗಿ ಮನುಷ್ಯರ ಕಾಯಿಲೆಯನ್ನು ಅರಿಯುವ ಸಾಧನಗಳು. ಕೆಲವೇ ಕೆಲವು ಕಾಯಿಲೆಗಳಿಗೆ ಮಾತ್ರ ಅವು ಪರೀಕ್ಷೆಯಲ್ಲಿ ಪಾಸಾದ ಮದ್ದು. ಅಧ್ಯಯನದ ಮೇಜಿನ ಮೇಲೆ ಇರಬೇಕಾದದ್ದನ್ನು ಕೌಂಟರಿನ ಮೇಲಿಟ್ಟು ಮಾರುವುದು ವ್ಯಾಪಾರವೂ ಅಲ್ಲ, ವೈದ್ಯವೂ ಅಲ್ಲ. ಅದು ಮೋಸ.

"ನೀವು ಡಾಕ್ಟರಾ?" ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಅಲ್ಲ. ಬಿಕಾಂ ಮಾಡಿ ಬ್ಯಾಂಕಿಗೆ ಸೇರಿದವನು. ಬಯಾಲಜಿಗೂ ನನಗೂ ಎಸ್ಸೆಸ್ಸೆಲ್ಸಿಯಲ್ಲೇ ವಿಚ್ಛೇದನ ಆಗಿದೆ. ಆದರೆ ವರ್ಷಗಟ್ಟಲೆ ಸಾಲದ ಕಾಗದಪತ್ರ ಓದಿದವನಿಗೆ ಒಂದು ವಿದ್ಯೆ ತಾನಾಗಿ ಬರುತ್ತದೆ. ದೊಡ್ಡ ಅಕ್ಷರದಲ್ಲಿ ಏನು ಬರೆದಿದ್ದಾರೆ ಎನ್ನುವುದಕ್ಕಿಂತ ಕೆಳಗೆ ಸಣ್ಣ ಅಕ್ಷರದಲ್ಲಿ ಏನು ಬರೆದಿದ್ದಾರೆ ಅಂತ ಮೊದಲು ನೋಡುವುದು. ಈ ಸ್ಟೆಮ್ ಸೆಲ್ ಕರಪತ್ರಗಳನ್ನೂ ನಾನು ಹಾಗೆಯೇ ಓದಿದೆ. ಆಮೇಲೆ ಅವು ಹೇಳದೆ ಬಿಟ್ಟದ್ದನ್ನು ಹುಡುಕಿಕೊಂಡು ಹೋದೆ.

ಮೊದಲು ಈ ಸ್ಟೆಮ್ ಸೆಲ್ ಅಂದರೆ ಎಂತ ಅಂತ ನೋಡೋಣ. ನಮ್ಮ ದೇಹದ ಹೆಚ್ಚಿನ ಕೋಶಗಳಿಗೆ ಪೋಸ್ಟಿಂಗ್ ಆಗಿಬಿಟ್ಟಿದೆ. ಚರ್ಮದ ಕೋಶ ಚರ್ಮದ್ದೇ, ನರದ ಕೋಶ ನರದ್ದೇ. ಕ್ಯಾಶ್ ಕೌಂಟರಿನವನು ಕ್ಯಾಶ್‌ನಲ್ಲೇ, ಕ್ಲಿಯರಿಂಗಿನವನು ಕ್ಲಿಯರಿಂಗಿನಲ್ಲೇ ರಿಟೈರ್ ಆದ ಹಾಗೆ. ಆಕರ ಕೋಶ ಮಾತ್ರ ಹೊಸದಾಗಿ ಬಂದ ಪ್ರೊಬೇಷನರಿ ಆಫೀಸರ್ ಇದ್ದಂತೆ. ಇನ್ನೂ ಪೋಸ್ಟಿಂಗ್ ಆಗಿಲ್ಲ, ಎಲ್ಲಿಗೆ ಬೇಕಾದರೂ ಹಾಕಬಹುದು. ಭ್ರೂಣದ ಆಕರ ಕೋಶಕ್ಕೆ ಯಾವ ಡಿಪಾರ್ಟ್‌ಮೆಂಟಾದರೂ ಆದೀತು. ಮೂಳೆಮಜ್ಜೆಯ ರಕ್ತದ ಆಕರ ಕೋಶಕ್ಕೆ ರಕ್ತದ ಡಿಪಾರ್ಟ್‌ಮೆಂಟಿನೊಳಗೆ ಮಾತ್ರ ವರ್ಗಾವಣೆ. ಕರಪತ್ರದವರು ಮುಚ್ಚಿಡುವ ಮೊದಲ ಸಣ್ಣ ಅಕ್ಷರ ಇದೇ. ಎಲ್ಲ ಸ್ಟೆಮ್ ಸೆಲ್ ಒಂದೇ ಅಲ್ಲ.

2006ರಲ್ಲಿ ಜಪಾನಿನ ಶಿನ್ಯಾ ಯಮನಾಕ ಒಂದು ವಿಚಿತ್ರ ಕೆಲಸ ಮಾಡಿದರು. ಪೋಸ್ಟಿಂಗ್ ಆಗಿಹೋದ ಇಲಿಯ ಚರ್ಮದ ಕೋಶದೊಳಗೆ ನಾಲ್ಕು ಜೀನುಗಳನ್ನು ಸೇರಿಸಿ ಅದನ್ನು ಮತ್ತೆ ಪ್ರೊಬೇಷನ್ನಿಗೆ ಕಳುಹಿಸಿದರು! 2007ರಲ್ಲಿ ಮನುಷ್ಯರ ಕೋಶದಲ್ಲೂ ಅದು ಸಾಧ್ಯ ಅಂತಾಯಿತು. 2012ರಲ್ಲಿ ಜಾನ್ ಗರ್ಡನ್ ಅವರ ಜೊತೆ ಅವರಿಗೆ ನೊಬೆಲ್ ಬಂತು. ಇದರ ಬೆಲೆ ಏನೆಂದರೆ, ಬದುಕಿರುವ ಮನುಷ್ಯನ ಮಿದುಳನ್ನು ತುಂಡು ಮಾಡಿ ಸೂಕ್ಷ್ಮದರ್ಶಕದ ಕೆಳಗೆ ಇಡುವ ಹಾಗಿಲ್ಲ. ಆದರೆ ಅವನ ಒಂದಿಷ್ಟು ರಕ್ತ ತೆಗೆದು, ಆ ಕೋಶಗಳನ್ನು ಆಕರ ಕೋಶ ಮಾಡಿ, ಅದರಿಂದ ನರಕೋಶ ಬೆಳೆಸಿ ಒಂದು ತಟ್ಟೆಯಲ್ಲಿ ನೋಡಬಹುದು. ಅವನದೇ ಜೀನು, ಅವನದೇ ಕಾಯಿಲೆಯ ಬೀಜ, ತಟ್ಟೆಯ ಮೇಲೆ.

ಇದು ಅಮೆರಿಕದ ಕತೆ ಅಂತ ತಿಳಿಯಬೇಡಿ. ನಮ್ಮ ಬೆಂಗಳೂರಿನಲ್ಲೇ ನಿಮ್ಹಾನ್ಸ್, ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಸಂಸ್ಥೆಗಳು ಸೇರಿ 2016ರಿಂದ ಈ ಕೆಲಸ ನಡೆಸಿವೆ. ಒಂದೇ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಸ್ಕಿಜೋಫ್ರೇನಿಯ, ಬೈಪೋಲಾರ್, ಗೀಳು ಕಾಯಿಲೆ, ಮರೆವಿನ ಕಾಯಿಲೆ, ಕುಡಿತದ ಚಟ ಇರುವ ಕುಟುಂಬಗಳನ್ನು ಹುಡುಕಿ, ಅವರ ಒಪ್ಪಿಗೆ ಪಡೆದು, ರಕ್ತದ ಕೋಶಗಳಿಂದ ಆಕರ ಕೋಶ ತಯಾರಿಸಿ ಇಟ್ಟುಕೊಳ್ಳುತ್ತಾರೆ. ಕಾಯಿಲೆ ಬಿದ್ದ ಅಣ್ಣನ ನರಕೋಶಕ್ಕೂ ಕಾಯಿಲೆ ಬೀಳದ ತಮ್ಮನ ನರಕೋಶಕ್ಕೂ ಎಲ್ಲಿ ವ್ಯತ್ಯಾಸ ಅಂತ ನೋಡುತ್ತಾರೆ. ವರ್ಷಗಟ್ಟಲೆ ಅದೇ ಕುಟುಂಬಗಳ ಆರೋಗ್ಯದ ಲೆಕ್ಕ ಇಡುತ್ತಾರೆ. ಇದರಿಂದ ನಾಳೆ ಬೆಳಿಗ್ಗೆ ಯಾರಿಗೂ ಗುಣ ಆಗುವುದಿಲ್ಲ. ಹಾಗೆ ಆಗುತ್ತದೆ ಅಂತ ಅವರು ಹೇಳುವುದೂ ಇಲ್ಲ. ನನಗೆ ಅವರ ಮೇಲೆ ನಂಬಿಕೆ ಹುಟ್ಟಿದ್ದೇ ಈ ಕಾರಣಕ್ಕೆ.

ನಮ್ಮ ಮುಂಬಯಿಗೂ ಈ ಚರಿತ್ರೆಯಲ್ಲಿ ಜಾಗ ಇದೆ. 2001ರ ಆಗಸ್ಟಿನಲ್ಲಿ ಅಮೆರಿಕದ ಅಧ್ಯಕ್ಷ ಬುಷ್, ಅದುವರೆಗೆ ತಯಾರಾಗಿರುವ ಭ್ರೂಣದ ಆಕರ ಕೋಶ ಸಂತತಿಗಳ ಅಧ್ಯಯನಕ್ಕೆ ಮಾತ್ರ ಸರಕಾರಿ ಹಣ ಎಂದಾಗ ಅಲ್ಲಿನ ಆರೋಗ್ಯ ಸಂಸ್ಥೆ ಪಟ್ಟಿ ಮಾಡಿತು. ಇಡೀ ಜಗತ್ತಿನಲ್ಲಿ ಆಗ 64 ಸಿಕ್ಕವು. ಅದರಲ್ಲಿ 10 ಭಾರತದವು: ಮುಂಬಯಿಯ ರಿಲಯನ್ಸ್ ಲೈಫ್ ಸೈನ್ಸಸ್‌ನವು 7, ಬೆಂಗಳೂರಿನ ಎನ್‌ಸಿಬಿಎಸ್‌ನವು 3. ಆಮೇಲೆ ಪರೇಲಿನ ಸಂತಾನೋತ್ಪತ್ತಿ ಆರೋಗ್ಯ ಸಂಶೋಧನಾ ಸಂಸ್ಥೆಯೂ ಕೈಂಡ್-1, ಕೈಂಡ್-2 ಅಂತ ಎರಡನ್ನು ಬೆಳೆಸಿತು. ಅದಕ್ಕೂ ಮೊದಲು, 1983ರಲ್ಲಿ, ಅದೇ ಪರೇಲಿನ ಟಾಟಾ ಆಸ್ಪತ್ರೆಯಲ್ಲಿ ಡಾ. ಸುರೇಶ್ ಅಡ್ವಾಣಿ ದೇಶದ ಮೊದಲ ಯಶಸ್ವಿ ಮೂಳೆಮಜ್ಜೆ ಕಸಿ ಮಾಡಿದ್ದರು. ಬಾಲ್ಯದಲ್ಲೇ ಪೋಲಿಯೊ ಆಗಿ ಗಾಲಿಕುರ್ಚಿಯಲ್ಲೇ ಓಡಾಡುವ ಡಾಕ್ಟರು! ಸ್ಟೆಮ್ ಸೆಲ್ ಚಿಕಿತ್ಸೆ ಅಂದರೆ ನಿಜವಾಗಿ ಅದು. ರಕ್ತದ ಕ್ಯಾನ್ಸರ್, ಥಲಸ್ಸೇಮಿಯ, ಇನ್ನು ಕೆಲವು ರಕ್ತದ ಕಾಯಿಲೆಗಳಿಗೆ ಅದು ಜೀವ ಉಳಿಸುತ್ತದೆ. ಅದರಲ್ಲಿ ಯಾರಿಗೂ ಸಂಶಯ ಇಲ್ಲ.

ಇನ್ನು ಮರುಭೂಮಿಯ ಗಿಡಕ್ಕೆ ಬರೋಣ. ಪೊಟ್ಟಣದವರು ಅದರ ಹೆಸರಿನಲ್ಲಿ ಭಾಷಣ ಬಿಗಿಯುತ್ತಾರಲ್ಲ, ಒಂದು ನಿಜವಾದ ಗಿಡದ ಕತೆ ಕೇಳಿ. ಗುಗ್ಗುಳ. ಕಛ್ ಮತ್ತು ರಾಜಸ್ಥಾನದ ಒಣ ನೆಲದಲ್ಲಿ ಬೆಳೆಯುವ ಮುಳ್ಳುಗಿಡ. ಅದರ ಕಾಂಡಕ್ಕೆ ಗಾಯ ಮಾಡಿದರೆ ಒಸರುವ ಅಂಟೇ ನಮ್ಮ ಪೂಜೆಯ ಧೂಪ, ನಮ್ಮ ಪಂಡಿತರ ಯೋಗರಾಜ ಗುಗ್ಗುಳ. ಮೇದಸ್ಸಿನ ರೋಗಕ್ಕೆ ಅದು ಆಗುತ್ತದೆ ಅಂತ ಸುಶ್ರುತ ಸಂಹಿತೆಯಲ್ಲಿ ಇದೆ. 1960ರ ದಶಕದಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಜಿ.ವಿ. ಸತ್ಯವತಿಯವರು ಆ ವರ್ಣನೆಗೂ ಇವತ್ತಿನ ಕೊಲೆಸ್ಟರಾಲ್ ಕಾಯಿಲೆಗೂ ಇರುವ ಹೋಲಿಕೆಯನ್ನು ಗಮನಿಸಿದರು. ಶ್ಲೋಕ ಹೇಳಿ ಕೈತೊಳೆದುಕೊಳ್ಳಲಿಲ್ಲ. ಮೊಲಗಳಿಗೆ ಕೊಲೆಸ್ಟರಾಲ್ ತಿನ್ನಿಸಿ, ಗುಗ್ಗುಳ ಕೊಟ್ಟು, ಅಳೆದು ನೋಡಿದರು. 1966ರಲ್ಲಿ ಅವರ ಪ್ರಬಂಧ ಬಂತು. ಅದರ ಬೆನ್ನು ಹಿಡಿದು ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಗುಗ್ಗುಲಿಪಿಡ್ ಎನ್ನುವ ಔಷಧ ತಯಾರಿಸಿತು. 1980ರ ದಶಕದ ಕೊನೆಗೆ ನಮ್ಮ ಮುಂಬಯಿಯ ಸಿಪ್ಲಾ ಅದನ್ನು ಮಾರುಕಟ್ಟೆಗೆ ತಂದಿತು.

ಕತೆ ಇಲ್ಲಿಗೆ ಮುಗಿದಿದ್ದರೆ ನಮ್ಮ ಪೊಟ್ಟಣದವರಿಗೆ ಬಹಳ ಖುಷಿಯಾಗುತ್ತಿತ್ತು. ಮುಗಿಯಲಿಲ್ಲ. 2002ರಲ್ಲಿ ಅಮೆರಿಕದ ವಿಜ್ಞಾನಿಗಳು ಗುಗ್ಗುಳದ ಸತ್ವ ಪಿತ್ತಜನಕಾಂಗದ ಯಾವ ಗ್ರಾಹಕದ ಮೇಲೆ ಕೆಲಸ ಮಾಡುತ್ತದೆ ಅಂತ ತೋರಿಸಿದರು. ಒಳ್ಳೆಯದೇ ಆಯಿತು. ಮರುವರ್ಷವೇ, 2003ರಲ್ಲಿ, ಅಲ್ಲಿಯದೇ ಇನ್ನೊಂದು ತಂಡ ಕೊಲೆಸ್ಟರಾಲ್ ಇರುವ 103 ಜನರನ್ನು ಗುಂಪು ಮಾಡಿ ಎಂಟು ವಾರ ಗುಗ್ಗುಲಿಪಿಡ್ ಅಥವಾ ಬರೀ ಸಪ್ಪೆ ಮಾತ್ರೆ ಕೊಟ್ಟು ನೋಡಿತು. ಸಪ್ಪೆ ಮಾತ್ರೆ ತಿಂದವರ ಕೆಟ್ಟ ಕೊಲೆಸ್ಟರಾಲ್ ಶೇಕಡಾ 5ರಷ್ಟು ಇಳಿಯಿತು. ಗುಗ್ಗುಲಿಪಿಡ್ ತಿಂದವರದ್ದು ಶೇಕಡಾ 4-5ರಷ್ಟು ಏರಿತು! ಕೆಲವರಿಗೆ ಮೈಮೇಲೆ ದದ್ದು ಎದ್ದಿತು.

ಹಾಗಾದರೆ ಸತ್ಯವತಿಯವರು ಸೋತರೇ? ನನ್ನ ಪ್ರಕಾರ ಇಲ್ಲ. ಶಾಸ್ತ್ರಕ್ಕೆ ಅವರು ಮಾಡಿದ್ದಕ್ಕಿಂತ ದೊಡ್ಡ ಗೌರವ ಯಾರೂ ಮಾಡಿಲ್ಲ. ಅದನ್ನು ಪರೀಕ್ಷೆಗೆ ಕೂರಿಸಿದರು. ಪರೀಕ್ಷೆ ಅಂದಮೇಲೆ ಒಮ್ಮೆ ಪಾಸು, ಒಮ್ಮೆ ಫೇಲು. ಅವರೇ ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ, ಅಂದರೆ ಐಸಿಎಂಆರ್‌ನ, ಮಹಾನಿರ್ದೇಶಕರಾದರು. ಇವತ್ತು ಸ್ಟೆಮ್ ಸೆಲ್ ಮಾರಾಟಗಾರರಿಗೆ ಅಂಕುಶ ಹಾಕುವ ನಿಯಮ ಬರೆದದ್ದೂ ಅದೇ ಮಂಡಳಿ. ಇನ್ನೊಂದು ಕಡೆ, ಬೇಡಿಕೆ ಹೆಚ್ಚಾಗಿ ಆ ಗಿಡಕ್ಕೆ ಕೊಡಬಾರದ ಹಾಗೆ ಆಳವಾದ ಗಾಯ ಕೊಟ್ಟು, ಅಂಟು ಬಸಿದು ಬಸಿದು, ಗುಗ್ಗುಳ ಇವತ್ತು ಅಳಿವಿನ ಅಂಚಿನ ಪಟ್ಟಿ ಸೇರಿದೆ. ಅದನ್ನು ಆ ಗತಿಗೆ ತಂದದ್ದು ಕಡಿವಾಣ ಇಲ್ಲದ ಮಾರಾಟ.

ಮರುಭೂಮಿಯ ಅಂಚಿನ ಇನ್ನೊಂದು ಗಿಡ ಮೊರಾಕ್ಕೊ ದೇಶದ್ದು. ನಮ್ಮ ಊರಿನಲ್ಲಿ ಬೇಲಿಗೆ ನೆಡುವ ಕಳ್ಳಿಯ ಕುಲದ್ದೇ. ಅದರ ಹಾಲಿನಲ್ಲಿರುವ ರೆಸಿನಿಫೆರಾಟಾಕ್ಸಿನ್ ಅನ್ನುವ ವಸ್ತು ಮೆಣಸಿನ ಖಾರದ ಸತ್ವಕ್ಕಿಂತ ಸಾವಿರ ಪಟ್ಟು ಖಾರ. ಬ್ಯಾಡಗಿ ಅಲ್ಲ, ಗುಂಟೂರೂ ಅದರ ಮುಂದೆ ಪಾಯಸ! ಮೆಣಸಿನ ಖಾರವೂ ಈ ಹಾಲಿನ ಉರಿಯೂ ನರದ ತುದಿಯ ಒಂದೇ ಬಾಗಿಲನ್ನು ತಟ್ಟುತ್ತವೆ. ಆ ಬಾಗಿಲಿನ ಜೀನನ್ನು 1997ರಲ್ಲಿ ಡೇವಿಡ್ ಜೂಲಿಯಸ್ ಅವರ ತಂಡ ಕಂಡುಹಿಡಿಯಿತು. 2021ರಲ್ಲಿ ಅವರಿಗೆ ನೊಬೆಲ್ ಬಂತು. ಕ್ಯಾನ್ಸರಿನ ತಡೆಯಲಾರದ ನೋವಿಗೆ ಈ ಕಳ್ಳಿಯ ವಸ್ತುವನ್ನು ಬಳಸಬಹುದೇ ಅಂತ ಅಮೆರಿಕದಲ್ಲಿ ಮನುಷ್ಯರ ಮೇಲೆ ಪರೀಕ್ಷೆಗಳು ನಡೆದಿವೆ. ಗಮನಿಸಿ, "ಪರೀಕ್ಷೆ". ಯಾರೂ ಅದನ್ನು ಪುಡಿ ಮಾಡಿ ಕರ್ಜತ್ ಲೋಕಲ್ಲಿನಲ್ಲಿ ಮಾರಲು ಹೊರಟಿಲ್ಲ.

ಈಗ ಪೊಟ್ಟಣ. ಗಿಡದಲ್ಲಿ ಆಕರ ಕೋಶ ಇಲ್ಲವೇ? ಇದೆ. ಚಿಗುರಿನ ತುದಿಯಲ್ಲಿ, ಬೇರಿನ ತುದಿಯಲ್ಲಿ ಗಿಡ ಬೆಳೆಯುವುದೇ ಅದರಿಂದ. ಆದರೆ ಗಿಡದ ಆಕರ ಕೋಶ ಗಿಡವನ್ನು ಬೆಳೆಸುತ್ತದೆ, ನಿಮ್ಮ ಮೊಣಕಾಲನ್ನಲ್ಲ. ಹೊಟ್ಟೆಗೆ ಹೋದರೆ ಅದೂ ತರಕಾರಿಯೇ, ಜೀರ್ಣವಾಗುತ್ತದೆ. ನಮ್ಮ ಅಮ್ಮಂದಿರು ಆಟಿ ತಿಂಗಳಲ್ಲಿ ಮಾಡುತ್ತಿದ್ದ ಕಣಿಲೆ ಪಲ್ಯ, ಏಕಾದಶಿಯ ಮರುದಿನದ ಮೊಳಕೆ ಬಂದ ಹೆಸರುಕಾಳಿನ ಕೋಸಂಬರಿ ಇವೆಲ್ಲ ಸ್ಟೆಮ್ ಸೆಲ್ ತುಂಬಿದ ಅಡುಗೆಯೇ ಸ್ವಾಮೀ. ಸ್ಟೆಮ್ ಸೆಲ್ ತಿನ್ನಲೇಬೇಕು ಅಂತ ಇದ್ದರೆ ಮಾಟುಂಗ ಮಾರ್ಕೆಟಿನಲ್ಲಿ ಕಣಿಲೆ ಸಿಕ್ಕ ದಿನ ತನ್ನಿ. ರುಚಿಯಾದರೂ ಇರುತ್ತದೆ.

ಪೊಟ್ಟಣದ ವ್ಯಾಪಾರದ ಗುಟ್ಟು ಪುಡಿಯಲ್ಲಿ ಇಲ್ಲ, ಚೈನಿನಲ್ಲಿ ಇದೆ. ಮಾರುವವರು ಹೊರಗಿನವರಲ್ಲ, ನಮ್ಮ ಭಾವ, ನಮ್ಮ ಸೊಸೈಟಿಯ ಸೆಕ್ರೆಟರಿ, ನಮ್ಮ ಸಂಘದ ಹಳೆಯ ಕಾರ್ಯದರ್ಶಿ. "ಬೇಡ" ಅಂದರೆ ಸಂಬಂಧ ಕೆಡುತ್ತದೆ. ಊರು ಬಿಟ್ಟು ಬಂದ ನಮಗೆ ಇಲ್ಲಿ ಇರುವ ಆಸ್ತಿ ಒಂದೇ, ಒಬ್ಬರನ್ನೊಬ್ಬರು ನಂಬುವುದು. ಅದನ್ನೇ ಅಡವಿಟ್ಟು ಈ ಪೊಟ್ಟಣ ಓಡುತ್ತದೆ. ಶುಗರಿನ ಮಾತ್ರೆ ಬಿಟ್ಟು ಪುಡಿ ಹಿಡಿದವರ ಗತಿ ಏನು ಅಂತ ಅವರು ಯೋಚಿಸುತ್ತಾರೋ ಇಲ್ಲವೋ ದೇವರಿಗೇ ಗೊತ್ತು.

ಎರಡನೆಯದು ಹೊಕ್ಕುಳ ಬಳ್ಳಿಯ "ಬ್ಯಾಂಕು". ಈ ಶಬ್ದಕ್ಕೇ ನನ್ನ ತಕರಾರು. ಬ್ಯಾಂಕ್ ಅಂದರೆ ನೀವು ಇಟ್ಟದ್ದು ನಿಮಗೆ ಬೇಕಾದಾಗ ವಾಪಸು ಸಿಗಬೇಕು, ನಿಮ್ಮ ಉಪಯೋಗಕ್ಕೆ ಬರಬೇಕು. ಇಲ್ಲಿ? ಮಗುವಿಗೆ ರಕ್ತದ ಕ್ಯಾನ್ಸರ್ ಬಂತು ಅಂತ ಇಟ್ಟುಕೊಳ್ಳೋಣ. ಅದರದೇ ಬಳ್ಳಿಯ ರಕ್ತದಲ್ಲಿ ಆ ಕಾಯಿಲೆಯ ಬೀಜ ಆಗಲೇ ಇದ್ದಿರಬಹುದು, ಹಾಗಾಗಿ ಡಾಕ್ಟರು ಅದನ್ನು ಬಳಸುವುದಿಲ್ಲ. ಥಲಸ್ಸೇಮಿಯ ಇದ್ದರೆ ಬಳ್ಳಿಯ ರಕ್ತದಲ್ಲೂ ಅದೇ ಕೆಟ್ಟ ಜೀನು. ಅಂದರೆ ಯಾವ ಕಾಯಿಲೆಗಳ ಹೆಸರು ಹೇಳಿ ಡೆಪಾಸಿಟ್ ತೆಗೆದುಕೊಂಡರೋ ಅವುಗಳಲ್ಲಿ ಹೆಚ್ಚಿನವಕ್ಕೆ ವಿತ್‌ಡ್ರಾವಲ್ ಇಲ್ಲ! 1988ರಲ್ಲಿ ಪ್ಯಾರಿಸಿನಲ್ಲಿ ಜಗತ್ತಿನ ಮೊದಲ ಬಳ್ಳಿರಕ್ತದ ಕಸಿ ಆದಾಗಲೂ ಆ ಹುಡುಗನಿಗೆ ಕೊಟ್ಟದ್ದು ಅವನದ್ದಲ್ಲ, ಆಗಷ್ಟೇ ಹುಟ್ಟಿದ ಅವನ ತಂಗಿಯದು.

ಭಾರತದ ಮಕ್ಕಳ ತಜ್ಞರ ಅಕಾಡೆಮಿ 2018ರಲ್ಲಿ ಕೊಟ್ಟ ಲೆಕ್ಕ ನೋಡಿ. ಒಂದು ಮಗುವಿಗೆ ತನ್ನದೇ ಬಳ್ಳಿರಕ್ತ ಬೇಕಾಗುವ ಸಾಧ್ಯತೆ ಶೇಕಡಾ 0.04ರಿಂದ 0.0005. ಅಂದರೆ 2,500ಕ್ಕೆ ಒಂದರಿಂದ 2 ಲಕ್ಷಕ್ಕೆ ಒಂದು. ಮುಂದೆ ಸ್ವಂತಕ್ಕೆ ಬೇಕಾಗಬಹುದು ಅಂತ ಇಡುವುದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಅಂತ ಐಸಿಎಂಆರ್ 2017ರ ನಿಯಮಾವಳಿಯಲ್ಲೇ ಹೇಳಿದೆ. ಒಂದು ಅಪವಾದ ಇದೆ, ಅದನ್ನೂ ಹೇಳಬೇಕು. ಮನೆಯಲ್ಲಿ ಮೊದಲ ಮಗುವಿಗೆ ಥಲಸ್ಸೇಮಿಯದಂತಹ ಕಾಯಿಲೆ ಇದ್ದು ಎರಡನೆಯ ಮಗು ಹುಟ್ಟುವಾಗ ಡಾಕ್ಟರರೇ ಹೇಳಿದರೆ ಇಟ್ಟುಕೊಳ್ಳುವುದರಲ್ಲಿ ಅರ್ಥ ಇದೆ. "ಈಗ ನಾವು ಸದಸ್ಯರೆಲ್ಲ ಹಂಚಿಕೊಳ್ಳುವ ಸ್ಕೀಮ್ ಮಾಡಿದ್ದೇವೆ" ಅನ್ನುವ ಕಂಪೆನಿಗಳೂ ಇವೆ. ಒಬ್ಬೊಬ್ಬರೇ ಕಪಾಟಿನಲ್ಲಿ ಇಟ್ಟುಕೊಳ್ಳುವುದಕ್ಕಿಂತ ಅದು ಮೇಲು, ಒಪ್ಪಿದೆ. ಆದರೆ ಹಂಚಿಕೊಂಡ ಮಾತ್ರಕ್ಕೆ ಅದು ಗುಣಪಡಿಸುವ ಕಾಯಿಲೆಗಳ ಪಟ್ಟಿ ಉದ್ದ ಆಗುವುದಿಲ್ಲ.

ಬ್ಯಾಂಕು ಅಂದಮೇಲೆ ಮುಳುಗುವ ಮಾತೂ ಬರಬೇಕು. 2019ರ ಸೆಪ್ಟೆಂಬರಿನಲ್ಲಿ ಪಿಎಂಸಿ ಬ್ಯಾಂಕಿನ ಖಾತೆದಾರರಿಗೆ ಮೊದಲಿಗೆ ಸಾವಿರ ರೂಪಾಯಿ ಮಾತ್ರ ತೆಗೆಯಬಹುದು ಅಂತ ರಿಸರ್ವ್ ಬ್ಯಾಂಕ್ ಹೇಳಿದ್ದು ಮುಂಬಯಿಯಲ್ಲಿ ಯಾರಿಗೆ ನೆನಪಿಲ್ಲ? ಆದರೂ ಅಲ್ಲಿ ಠೇವಣಿ ವಿಮೆ ಅಂತ ಒಂದಿದೆ, 2020ರಿಂದ ಅದು ಐದು ಲಕ್ಷದವರೆಗೆ ಇದೆ. ಬಳ್ಳಿಯ ಬ್ಯಾಂಕಿಗೆ ಯಾವ ರಿಸರ್ವ್ ಬ್ಯಾಂಕ್? 2023ರಲ್ಲಿ ಸಿಂಗಪುರದ ಒಂದು ದೊಡ್ಡ ಕಂಪೆನಿಯಲ್ಲಿ ಶೀತಲ ಟ್ಯಾಂಕುಗಳ ಉಷ್ಣತೆ ಏರುಪೇರಾಗಿ ಒಂದೇ ಟ್ಯಾಂಕಿನಲ್ಲಿ ಸುಮಾರು 2,200 ಮಕ್ಕಳ ಬಳ್ಳಿರಕ್ತ ಹಾಳಾಗಿದೆ ಅಂತ ಅಲ್ಲಿನ ಸರಕಾರವೇ ಪ್ರಕಟಿಸಿತು. ಅಷ್ಟು ಕಟ್ಟುನಿಟ್ಟಿನ ದೇಶದಲ್ಲಿ! ನಮ್ಮಲ್ಲಿ ಈ ಸೇವೆಗೆ ಇದ್ದ ಜಿಎಸ್‌ಟಿ ವಿನಾಯಿತಿ ಕೂಡ 2022ರ ಜುಲೈಯಲ್ಲಿ ಹೋಯಿತು. ಆದರೂ ಕಂತಿನಲ್ಲಿ ದುಡ್ಡು ಕಟ್ಟಿಸಿಕೊಳ್ಳುತ್ತಾರೆ. ಹೆರಿಗೆಯ ಹಿಂದಿನ ವಾರ ಹೆದರಿದ ಅಪ್ಪನ ಸಹಿ ಪಡೆಯುವುದಕ್ಕಿಂತ ಸುಲಭದ ಕೆಲಸ ಜಗತ್ತಿನಲ್ಲಿ ಇನ್ನೊಂದಿಲ್ಲ.

ಮೂರನೆಯದನ್ನು ಬರೆಯುವಾಗ ಕೈ ಭಾರವಾಗುತ್ತದೆ. ನಮ್ಮ ಬ್ರಾಂಚಿನಲ್ಲಿ ಒಬ್ಬ ಕ್ಲಾರ್ಕ್ ಇದ್ದ. ನಮ್ಮ ಕಡೆಯವನೇ, ವಸಯಿಯಿಂದ ಬರುತ್ತಿದ್ದ. ಮಗನಿಗೆ ಆಟಿಸಂ. ಉಪನಗರದ ಒಂದು ಕ್ಲಿನಿಕ್ಕಿನವರು ಸೊಂಟದ ಮೂಳೆಯಿಂದ ಮಜ್ಜೆ ತೆಗೆದು, ಅದರ ಕೋಶವನ್ನು ಬೆನ್ನುಹುರಿಯ ದ್ರವಕ್ಕೆ ಚುಚ್ಚಿದರೆ ಮಗು ಮಾತಾಡುತ್ತದೆ ಅಂತ ಆಸೆ ತೋರಿಸಿದರು. ಅವನು ಪಿಎಫ್ ತೆಗೆದ, ಹೆಂಡತಿಯ ಬಳೆಯನ್ನು ನಮ್ಮಲ್ಲೇ ಚಿನ್ನದ ಸಾಲಕ್ಕೆ ಇಟ್ಟ. ಆ ಫಾರ್ಮಿಗೆ ಸಹಿ ಮಾಡಿದವನು ನಾನೇ, ಅದು ನನ್ನ ಡ್ಯೂಟಿ. ಮೂರು ಸಲ ಇಂಜೆಕ್ಷನ್ ಆಯಿತು. ಮಗು ಮೊದಲು ಹೇಗಿತ್ತೋ ಹಾಗೇ ಇದ್ದ. "ನಾಲ್ಕನೆಯದಕ್ಕೆ ಫಲ ಬರ್ತದೆ" ಅಂದರಂತೆ. ದುಡ್ಡು ಹೋದದ್ದಕ್ಕಿಂತ ದೊಡ್ಡ ನಷ್ಟ ಬೇರೆ. ಆ ಎರಡು ವರ್ಷ ಹುಡುಗನ ಸ್ಪೀಚ್ ಥೆರಪಿಯ ಫೀಸು ಕಟ್ಟಲು ಕೈಯಲ್ಲಿ ಕಾಸಿರಲಿಲ್ಲ, ನಿಂತುಹೋಯಿತು. ಸಣ್ಣ ಮಕ್ಕಳಿಗೆ ಆ ಎರಡು ವರ್ಷ ಯಾವ ಬಡ್ಡಿ ಹಾಕಿ ವಾಪಸು ಕೊಡುತ್ತೀರಿ?

ನಿಯಮ ಇಲ್ಲ ಅಂತಲ್ಲ. ಐಸಿಎಂಆರ್ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2007ರಲ್ಲೇ ನಿಯಮಾವಳಿ ತಂದವು. 2013ರಲ್ಲಿ ಅದನ್ನು ಪರಿಷ್ಕರಿಸುವಾಗ ಹೆಸರಿನಿಂದ "ಚಿಕಿತ್ಸೆ" ಅನ್ನುವ ಶಬ್ದವನ್ನೇ ಕಿತ್ತುಹಾಕಿ "ಸಂಶೋಧನೆ" ಅಂತ ಮಾತ್ರ ಉಳಿಸಿಕೊಂಡರು. ಒಂದು ಶಬ್ದ ತೆಗೆದದ್ದರಲ್ಲೇ ಎಲ್ಲ ಹೇಳಿದ ಹಾಗಾಯಿತು. 2022ರ ಡಿಸೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ, ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಶಿಫಾರಸು ಮಾಡತಕ್ಕದ್ದಲ್ಲ, ಅದನ್ನು ಪ್ರಚಾರ ಮಾಡುವುದು ವೃತ್ತಿ ದುರ್ನಡತೆ ಅಂತ ಸ್ಪಷ್ಟವಾಗಿ ಹೇಳಿತು. ಹೇಳಿದ್ದು ಹೇಳಿದ ಹಾಗೇ ಆಗಿದ್ದರೆ ನಾನು ಇದನ್ನು ಬರೆಯುವ ಅಗತ್ಯ ಇರಲಿಲ್ಲ.

"ಆಸೆ ಇಟ್ಟುಕೊಂಡರೆ ತಪ್ಪೇನು? ಪ್ರಯತ್ನ ಮಾಡಿ ನೋಡುವುದರಲ್ಲಿ ನಷ್ಟ ಏನು?" ಇದು ಎಲ್ಲರೂ ಕೇಳುವ ಪ್ರಶ್ನೆ. ಅಪ್ಪ ಅಮ್ಮನ ಆಸೆಯನ್ನು ನಾನು ಹೀಯಾಳಿಸುವುದಿಲ್ಲ. ನನ್ನ ಜಗಳ ಆಸೆಗೆ ರೇಟ್ ಕಾರ್ಡ್ ಹಾಕಿದವರ ಜೊತೆ. ಪ್ರಯತ್ನಕ್ಕೂ ಒಂದು ಕ್ರಮ ಇದೆ. ಅದಕ್ಕೆ ಕ್ಲಿನಿಕಲ್ ಟ್ರಯಲ್ ಅನ್ನುತ್ತಾರೆ. ಅಲ್ಲಿ ನೈತಿಕ ಸಮಿತಿ ಇರುತ್ತದೆ, ತೊಂದರೆ ಆದರೆ ಪರಿಹಾರ ಕೊಡಬೇಕು ಅಂತ 2019ರ ನಿಯಮದಲ್ಲಿ ಇದೆ, ಫಲಿತಾಂಶವನ್ನು ಸಪ್ಪೆ ಮಾತ್ರೆಯ ಜೊತೆಯೋ ಇದ್ದ ಚಿಕಿತ್ಸೆಯ ಜೊತೆಯೋ ಹೋಲಿಸಿ ನೋಡುತ್ತಾರೆ. ಎಲ್ಲಕ್ಕಿಂತ ಮುಖ್ಯ ಸಂಗತಿ, ಪರೀಕ್ಷೆಯ ಚಿಕಿತ್ಸೆಗೆ ರೋಗಿಯ ಜೇಬಿಗೆ ಕೈ ಹಾಕುವ ಹಾಗಿಲ್ಲ. ಇದನ್ನು ಗೋಡೆಗೆ ಬರೆದು ಅಂಟಿಸಿಕೊಳ್ಳಿ. "ಇದು ಸಂಶೋಧನೆ" ಅಂತ ಹೇಳಿ ದುಡ್ಡು ಕೇಳಿದರೆ ಅದು ಸಂಶೋಧನೆ ಅಲ್ಲ. "ಇದು ಚಿಕಿತ್ಸೆ" ಅಂತ ಹೇಳಿದರೆ ಪಾಸಾದ ಸರ್ಟಿಫಿಕೇಟ್ ಎಲ್ಲಿ ಅಂತ ಕೇಳಿ. ಎರಡೂ ಕಾಲನ್ನು ಎರಡು ದೋಣಿಯಲ್ಲಿ ಇಟ್ಟವರಿಗೆ ಮೂರನೆಯ ಪ್ರಶ್ನೆಯೇ ಬೇಡ.

ಕ್ರಮದಲ್ಲಿ ಹೋದರೆ ದಾರಿ ಸಿಗುವುದಿಲ್ಲವೇ? ಸಿಗುತ್ತದೆ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್, ಮಣಿಪಾಲದ ಬಳಗದ್ದೇ, ಕಾಲಿನ ರಕ್ತನಾಳ ಕಟ್ಟಿಹೋಗುವ ಬರ್ಜರ್ ಕಾಯಿಲೆಗೆ ಆಕರ ಕೋಶದ ಉತ್ಪನ್ನ ತಯಾರಿಸಿ, ಪರೀಕ್ಷೆ ಮಾಡಿ, 2016ರಲ್ಲಿ ಷರತ್ತಿನ ಒಪ್ಪಿಗೆ ಪಡೆಯಿತು. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯಲ್ಲಿ ಸುಣ್ಣವೋ ಆಸಿಡ್ಡೋ ಬಿದ್ದು ಹಾಳಾದ ಕಣ್ಣಿಗೆ ಕಣ್ಣಿನದೇ ಆಕರ ಕೋಶ ಕಸಿ ಮಾಡಿ ದೃಷ್ಟಿ ಕೊಡುತ್ತಾರೆ. ಆಕರ ಕೋಶ ಅಲ್ಲದಿದ್ದರೂ ನಮ್ಮ ಪೊವಾಯಿಯ ಐಐಟಿಯಲ್ಲಿ ಹುಟ್ಟಿ ಟಾಟಾ ಆಸ್ಪತ್ರೆಯಲ್ಲಿ ಪರೀಕ್ಷೆಯಾದ ರಕ್ತದ ಕ್ಯಾನ್ಸರಿನ ಕಾರ್-ಟಿ ಚಿಕಿತ್ಸೆಗೆ 2023ರಲ್ಲಿ ಒಪ್ಪಿಗೆ ಸಿಕ್ಕಿತು. ನಿಧಾನ, ಹೌದು. ಆದರೆ ಈ ದಾರಿಯಲ್ಲಿ ಬಂದದ್ದು ಉಳಿಯುತ್ತದೆ.

ಇನ್ನು ನಮ್ಮವರಿಗೇ ಒಂದು ಮಾತು. ನಮಗೆ ಪೊಟ್ಟಣಕ್ಕೆ ಕೊಡಲು ದುಡ್ಡಿದೆ, ಬಳ್ಳಿಯ ಲಾಕರಿಗೆ ಕೊಡಲು ಸಾಲವಾದರೂ ಸಿಗುತ್ತದೆ. ಆದರೆ ನಿಮ್ಹಾನ್ಸ್‌ನವರು "ನಿಮ್ಮ ಮನೆಯಲ್ಲಿ ಇಬ್ಬರಿಗೆ ಮಾನಸಿಕ ಕಾಯಿಲೆ ಇದೆ, ಅಧ್ಯಯನಕ್ಕೆ ಬರುತ್ತೀರಾ" ಅಂತ ಕೇಳಿದರೆ? "ಛೇ, ನಮ್ಮ ಮನೆಯಲ್ಲಿ ಹಾಗೆಲ್ಲ ಇಲ್ಲ" ಅಂತ ಬಾಗಿಲು ಹಾಕಿಕೊಳ್ಳುತ್ತೇವೆ. ತಂಗಿಯ ಮದುವೆ ಕೆಡುತ್ತದೆ ಅಂತ ಅಣ್ಣನನ್ನು ಊರಿನ ಮಾಳಿಗೆಯಲ್ಲಿ ಇಟ್ಟ ಮನೆಗಳು ನಮ್ಮಲ್ಲಿ ಒಂದೆರಡಲ್ಲ. ಕಾಯಿಲೆಯನ್ನು ಅಡಗಿಸಿಟ್ಟು ಔಷಧ ಮಾತ್ರ ಬೇಕು ಅಂದರೆ ಅದು ಎಲ್ಲಿಂದ ಬರಬೇಕು? ನಮ್ಮ ಜನರ ಕೋಶ ನೋಡದೆ ನಮ್ಮ ಜನರ ಕಾಯಿಲೆ ಅರ್ಥವಾಗುವುದು ಹೇಗೆ?

ಇನ್ನೂ ಸುಲಭದ ಕೆಲಸ ಒಂದಿದೆ. ರಕ್ತದ ಕ್ಯಾನ್ಸರ್ ಬಂದವನಿಗೆ ಒಡಹುಟ್ಟಿದ ಒಬ್ಬೊಬ್ಬರ ಮಜ್ಜೆ ಹೊಂದಿಕೆಯಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಈಗಿನ ಸಣ್ಣ ಸಂಸಾರಗಳಲ್ಲಿ ಒಡಹುಟ್ಟಿದವರೇ ಕಡಿಮೆ. ಉಳಿದವರು ಹೊರಗಿನ ದಾನಿಗಳನ್ನು ಹುಡುಕಬೇಕು. ಆ ಹೊಂದಿಕೆ ಸಿಗುವುದು ಹೆಚ್ಚಾಗಿ ಒಂದೇ ಮೂಲದ ಜನರಲ್ಲಿ, ಅಂದರೆ ನಮ್ಮವರಿಗೆ ನಮ್ಮವರಲ್ಲಿ. 2009ರಲ್ಲಿ ಚೆನ್ನೈಯಲ್ಲಿ ಶುರುವಾದ ದಾತ್ರಿಯಂತಹ ರಿಜಿಸ್ಟ್ರಿಗಳು ಕೆನ್ನೆಯ ಒಳಗಿನಿಂದ ಒಂದು ಹತ್ತಿಕಡ್ಡಿಯಲ್ಲಿ ಜೊಲ್ಲು ತೆಗೆದು ಹೆಸರು ಬರೆದುಕೊಳ್ಳುತ್ತವೆ. ದುಡ್ಡು ಇಲ್ಲ, ಸೂಜಿ ಇಲ್ಲ. ನನ್ನ ವಯಸ್ಸಿನವರಿಗೆ ಆ ಬಾಗಿಲು ಮುಚ್ಚಿದೆ, ನಿಮ್ಮ ಮಕ್ಕಳಿಗೆ ತೆರೆದಿದೆ. ಒಬ್ಬರಿಗೂ ಉಪಯೋಗ ಆಗದ ಲಾಕರಿನಲ್ಲಿ ಸ್ಟೆಮ್ ಸೆಲ್ ಇಡುವುದಕ್ಕಿಂತ, ಬದುಕಿರುವ ದೇಹದಲ್ಲೇ ಇಟ್ಟುಕೊಂಡು ಬೇಕಾದವನಿಗೆ ಕೊಡುವುದು ಲಾಭದ ವ್ಯವಹಾರ ಅಂತ ಈ ಬಿಕಾಂ ತಲೆಗೆ ಅನ್ನಿಸುತ್ತದೆ.

ಮುಂಬಯಿಯಲ್ಲಿ ನಮ್ಮ ಸಂಘಗಳಿಗೆ ಲೆಕ್ಕವಿಲ್ಲ. ಮಾಹಿಮ್, ಮಾಟುಂಗ, ಕುರ್ಲಾ, ಸಾಂತಾಕ್ರೂಸ್, ಡೊಂಬಿವಲಿ ಎಲ್ಲ ಕಡೆ ವಾರ್ಷಿಕೋತ್ಸವ, ಯಕ್ಷಗಾನ, ಅರಸಿನ ಕುಂಕುಮ, ರಕ್ತದಾನ ಶಿಬಿರ ನಡೆಯುತ್ತವೆ. ಕಮಿಟಿಯಲ್ಲಿ ಇರುವವರಿಗೆ ನನ್ನ ವಿನಂತಿ ಎರಡೇ. ಮುಂದಿನ ರಕ್ತದಾನ ಶಿಬಿರದ ಪಕ್ಕದಲ್ಲಿ ಮಜ್ಜೆ ದಾನಿಗಳ ಹೆಸರು ಬರೆಸುವ ಒಂದು ಟೇಬಲ್ ಹಾಕಿಸಿ. ಹಾಗೆಯೇ ಸಭಾಂಗಣದ ಬಾಗಿಲಿನಲ್ಲಿ ಸ್ಟೆಮ್ ಸೆಲ್ ಪೊಟ್ಟಣದವರು, ಬಳ್ಳಿ ಬ್ಯಾಂಕಿನವರು ಬ್ಯಾನರ್ ಹಿಡಿದು ಬಂದಾಗ, ಊಟದ ಖರ್ಚು ಪೂರ್ತಿ ಅವರೇ ವಹಿಸಿಕೊಳ್ಳುತ್ತೇವೆ ಅಂದರೂ ಸರಿಯೇ, ಸ್ಟಾಲ್ ಕೊಡಬೇಡಿ. ಊಟಕ್ಕೆ ನಾವೇ ತಲೆಗೆ ನೂರು ರೂಪಾಯಿ ಹೆಚ್ಚು ಹಾಕೋಣ. ನನ್ನದು ಮೊದಲು ಬರೆದುಕೊಳ್ಳಿ.